ಸಂಜೆಯಿಂದ ಶುರುವಾಗುವ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕ್ಕವನಿದ್ದಾಗ ಸಂಡೇ ಸ್ಕೂಲಿನಲ್ಲಿ ನಾನೊಂದು ಪ್ರಶ್ನೆ ಕೇಳಿದ್ದೆ. ಬೈಬಲ್ಲಿನ ಮೊದಲ ಪುಟದಲ್ಲಿ ದೇವರು ಆರು ದಿನದಲ್ಲಿ ಲೋಕ ಸೃಷ್ಟಿಸಿದ ಕಥೆ ಇದೆ. ಅಲ್ಲಿ ಮೊದಲನೇ ದಿನವೇ ಬೆಳಕಾಯಿತು ಅಂತಿದೆ, ಆದರೆ ಸೂರ್ಯ ಬರುವುದು ನಾಲ್ಕನೇ ದಿನ, ಹಾಗಾದರೆ ಮೂರು ದಿನ ಬೆಳಕು ಬಂದದ್ದು ಎಲ್ಲಿಂದ? "ಸುಮ್ನೆ ಕೂತ್ಕೋ, ಹಾಗೆಲ್ಲ ಕೇಳಬಾರದು" ಅಂದರು. ಕೂತೆ. ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ, ಆ ಪುಟದ ಮೂಲಭಾಷೆಯಾದ ಹೀಬ್ರೂ ಕಲಿಯೋಣ ಅಂತ ಹೊರಟು, ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಅದೇ ಪುಟ ಓದಿದಾಗ ಉತ್ತರದ ದಾರಿ ಕಂಡಿತು. ಇವತ್ತು ನಿಮ್ಮ ಜೊತೆ ಅದನ್ನೇ ಹಂಚಿಕೊಳ್ಳಬೇಕು ಅಂತಿದ್ದೇನೆ.

ಒಂದು ವಸ್ತು ಕಂಡರೆ ನಾವು ಕೇಳುವುದೇನು? ಇದನ್ನು ಹೇಗೆ ಮಾಡಿದರು, ಯಾವುದರಿಂದ ಮಾಡಿದರು, ಎಷ್ಟು ಹೊತ್ತು ಹಿಡಿಯಿತು. ಹೀಬ್ರೂ ಮನಸ್ಸು ಮೊದಲು ಕೇಳುವುದು ಬೇರೆ. ಇದರ ಜಾಗ ಯಾವುದು, ಇದರ ಕೆಲಸ ಏನು, ಇದು ಯಾರ ಮಾತು ಕೇಳುತ್ತದೆ. ಈ ಕಿವಿ ಇಟ್ಟುಕೊಂಡು ಆರು ದಿನಗಳನ್ನು ಕೇಳಿಸಿಕೊಳ್ಳಿ. ಮೊದಲ ಮೂರು ದಿನ ದೇವರು ಬೇರ್ಪಡಿಸುತ್ತಾರೆ. ಬೆಳಕು ಒಂದು ಕಡೆ, ಕತ್ತಲೆ ಒಂದು ಕಡೆ. ಮೇಲಿನ ನೀರು, ಕೆಳಗಿನ ನೀರು. ಸಮುದ್ರ, ಒಣನೆಲ. ಅಮ್ಮ ಮೊರದಲ್ಲಿ ಕೇರಿ ಕಾಳು ಬೇರೆ, ಹೊಟ್ಟು ಬೇರೆ ಮಾಡುತ್ತಾಳಲ್ಲ, ಹಾಗೆ. ಆಮೇಲಿನ ಮೂರು ದಿನ ಅದೇ ಜಾಗಗಳಿಗೆ ಅವರವರನ್ನು ತಂದು ಬಿಡುತ್ತಾರೆ. ಬೆಳಕು ಕತ್ತಲೆಗೆ ಸೂರ್ಯ ಚಂದ್ರ, ಆಕಾಶಕ್ಕೆ ನೀರಿಗೆ ಹಕ್ಕಿ ಮೀನು, ನೆಲಕ್ಕೆ ಪ್ರಾಣಿ ಮತ್ತು ಮನುಷ್ಯ. ಮನೆ ಮೊದಲು, ಮನೆಯವರು ಆಮೇಲೆ. ನನ್ನ ನಾಲ್ಕನೇ ದಿನದ ಸೂರ್ಯ ಅಲ್ಲಿ ಸಿಕ್ಕಿದ.

ಆ ಸೂರ್ಯನಿಗೆ ಈ ಅಧ್ಯಾಯದಲ್ಲಿ ಹೆಸರೇ ಇಲ್ಲ, ಗಮನಿಸಿದ್ದೀರಾ? ಹೀಬ್ರೂವಿನಲ್ಲಿ ಸೂರ್ಯನಿಗೆ ಶೆಮೆಶ್ ಅನ್ನುತ್ತಾರೆ, ಚಂದ್ರನಿಗೆ ಯಾರೇಅಖ್. ಎರಡೂ ಪದ ಇಲ್ಲಿ ಬರುವುದಿಲ್ಲ. ದೊಡ್ಡ 'ಮಾಓರ್', ಚಿಕ್ಕ 'ಮಾಓರ್' ಅಂತಷ್ಟೇ ಇದೆ. ದೇವರ ಆರಾಧನೆಗೆ ಹಾಕಿದ ದೇವದರ್ಶನ ಗುಡಾರದ ದೀಪಕ್ಕೆ ಎಣ್ಣೆ ತನ್ನಿ ಅಂತ ಬೈಬಲ್ಲಿನ ಎರಡನೇ ಪುಸ್ತಕ ವಿಮೋಚನಕಾಂಡದಲ್ಲಿ ಹೇಳುವಾಗ ಬರುವುದೂ ಇದೇ ಪದ. ಅಂದರೆ ದೊಡ್ಡ ದೀಪ, ಚಿಕ್ಕ ದೀಪ. ಯಾಕೆ ಹೀಗೆ? ಬಾಬೆಲಿನವರಿಗೆ, ಅಂದರೆ ಬ್ಯಾಬಿಲೋನಿನ ಜನರಿಗೆ, ಶಮಾಶ್ ಅಂದರೆ ಸೂರ್ಯದೇವರು, ಚಂದ್ರನೂ ದೇವರು. ಕ್ರಿಸ್ತಪೂರ್ವ 586ರ ಹೊತ್ತಿಗೆ ಬಾಬೆಲಿನ ಸೈನ್ಯ ಯೆಹೂದ್ಯರ ಜೆರುಸಲೇಮನ್ನು ಕೆಡವಿ ಅಲ್ಲಿನ ಜನರನ್ನು ಸೆರೆ ಹಿಡಿದುಕೊಂಡು ಹೋಯಿತು. ಈ ಅಧ್ಯಾಯಕ್ಕೆ ಈಗಿನ ರೂಪ ಬಂದದ್ದು ಆ ಕಾಲದ ಆಸುಪಾಸಿನಲ್ಲಿ ಅಂತ ತುಂಬ ಜನ ವಿದ್ವಾಂಸರು ಹೇಳುತ್ತಾರೆ. ಊರು ಹೋಗಿದೆ, ದೇವಾಲಯ ಹೋಗಿದೆ, ಸುತ್ತ ನೋಡಿದರೆ ಗೆದ್ದವರ ದೇವರುಗಳು. ಆ ದೇವರುಗಳ ಕಥೆ ಹಳೆಯ ಅಸ್ಸೀರಿಯಾದ ನಗರ ನಿನೆವೆಯ ಮಣ್ಣಿನ ಹಲಗೆಗಳಲ್ಲಿ ಸಿಕ್ಕಿದೆ, 1876ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಜಾರ್ಜ್ ಸ್ಮಿತ್ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದರಲ್ಲಿ ಮರ್ದುಕ್ ಅನ್ನುವ ದೇವರು ಸಮುದ್ರರೂಪಿ ತಿಯಾಮತಳನ್ನು ಕೊಂದು, ಸೀಳಿ, ಅರ್ಧ ಮೈಯನ್ನು ಆಕಾಶ ಮಾಡುತ್ತಾನೆ. ಸತ್ತ ಇನ್ನೊಬ್ಬ ದೇವರ ರಕ್ತದಿಂದ ಮನುಷ್ಯರನ್ನು ಮಾಡುತ್ತಾರೆ, ದೇವರುಗಳ ಚಾಕರಿಗೆ. ಇದನ್ನು ಕೇಳಿಕೊಂಡೇ ಬದುಕಬೇಕಾದ ಒಬ್ಬ ಸೆರೆಯಾಳು ತನ್ನ ಮಗುವಿಗೆ ಹೇಳುವುದನ್ನು ಊಹಿಸಿಕೊಳ್ಳಿ. ಮಗಾ, ಅದು ದೀಪ, ನಮ್ಮ ದೇವರು ಹಚ್ಚಿಟ್ಟ ದೀಪ, ಹಬ್ಬ ಯಾವಾಗ ಅಂತ ತಿಳಿಯಲು ಇಟ್ಟಿದ್ದು. ಇದನ್ನು ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಎರಡನೇ ಅಧ್ಯಾಯಕ್ಕೆ ಬಂದರೆ ದೇವರ ಕೈಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಅಲ್ಲಿರುವ ಕ್ರಿಯಾಪದ 'ಯತ್ಸಾರ್'. ಕುಂಬಾರನಿಗೆ ಹೀಬ್ರೂವಿನಲ್ಲಿ 'ಯೋತ್ಸೇರ್' ಅನ್ನುತ್ತಾರೆ, ಅದೇ ಬೇರು. ನೆಲ ಅನ್ನುವುದಕ್ಕೆ 'ಅದಾಮಾ', ಮನುಷ್ಯ ಅನ್ನುವುದಕ್ಕೆ 'ಆದಾಮ್', ಕೆಂಪು ಅನ್ನುವುದಕ್ಕೆ 'ಆದೋಮ್'. ಮೂರನ್ನೂ ಒಟ್ಟಿಗೆ ಹೇಳಿ ನೋಡಿ. ಕೆಮ್ಮಣ್ಣಿನಿಂದ ಎದ್ದವನು ಅಂತ ಹೆಸರಿನಲ್ಲೇ ಕೇಳಿಸುತ್ತದೆ, ಅಲ್ವಾ? ಕನ್ನಡದಲ್ಲಿ ನಾವು ಆದಾಮ ಅಂತ ಹೆಸರು ಉಳಿಸಿಕೊಂಡೆವು, ಮಣ್ಣು ಕೈತಪ್ಪಿತು. ಆ ಮನುಷ್ಯನ ಮೂಗಿಗೆ ಉಸಿರು ಊದಿದಾಗ ಅವನು 'ನೆಫೆಶ್ ಖಯ್ಯಾ' ಆದ. ನೆಫೆಶ್ ಅಂದರೆ ಆತ್ಮ ಅಂತ ಸಲೀಸಾಗಿ ಹೇಳಿಬಿಡುತ್ತೇವೆ. ಆ ಪದಕ್ಕೆ ಗಂಟಲು ಅನ್ನುವ ಅರ್ಥವೂ ಇದೆ. ಉಸಿರಾಡುವ, ಬಾಯಾರುವ, ಹಸಿಯುವ ಗಂಟಲು. ನಮ್ಮ ಕನ್ನಡ ಬೈಬಲ್ಲಿನಲ್ಲಿ "ಬದುಕುವ ಪ್ರಾಣಿ" ಅಂತಿದೆ. ಮನುಷ್ಯನನ್ನು ಪ್ರಾಣಿ ಅನ್ನಬಹುದೇ ಅಂತ ಕೆಲವರಿಗೆ ಮುಜುಗರ. ನನಗೆ ಆ ಅನುವಾದಕರಿಗೆ ಕೈಮುಗಿಯಬೇಕು ಅನಿಸುತ್ತದೆ, ಯಾಕೆಂದರೆ ಮೊದಲ ಅಧ್ಯಾಯದಲ್ಲಿ ಮೀನಿಗೂ ದನಕ್ಕೂ ಹೇಳಿದ್ದು ಇದೇ ಎರಡು ಪದ. ಆಮೇಲೆ ಅವನನ್ನು ತೋಟದಲ್ಲಿ ಇಟ್ಟದ್ದು ದುಡಿಯಲು ಮತ್ತು ಕಾಯಲು. ದುಡಿಯುವುದಕ್ಕೆ ಅಲ್ಲಿರುವ 'ಆವಾದ್' ಅನ್ನುವ ಪದವೇ ದೇವರನ್ನು ಸೇವಿಸುವುದಕ್ಕೂ ಬರುತ್ತದೆ.

ಇನ್ನು ದಿನದ ಮಾತು. ಮೊದಲ ಅಧ್ಯಾಯದ ಆರು ದಿನಗಳಲ್ಲಿ ಪ್ರತಿ ದಿನದ ಕೊನೆಗೂ ಸಂಜೆಯಾಯಿತು, ಬೆಳಗಾಯಿತು ಅಂತ ಬರುತ್ತದೆ. ಸಂಜೆ ಮೊದಲು! ಕನ್ನಡದಲ್ಲಿ ಎಷ್ಟು ಸಲ ಓದಿದ್ದರೂ ನನಗೆ ಹೊಳೆದಿರಲಿಲ್ಲ. ನಮ್ಮ ದಿನ ಅಲಾರಾಂ ಹೊಡೆದಾಗ ಶುರುವಾಗುತ್ತದೆ. ಯೆಹೂದ್ಯರ ದಿನ ಸೂರ್ಯ ಮುಳುಗಿದಾಗ ಶುರು. ನಾವು ಮಲಗಿದ್ದಾಗ ದೇವರ ಕೆಲಸ ಆಗಲೇ ಶುರುವಾಗಿರುತ್ತದೆ, ಬೆಳಿಗ್ಗೆ ಎದ್ದು ನಾವು ನಡುವೆ ಸೇರಿಕೊಳ್ಳುತ್ತೇವೆ.

ಹಾಗಾಗಿ ಯೆಹೂದ್ಯರ ಏಳನೇ ದಿನ, ಅಂದರೆ ಬಿಡುವಿನ ದಿನ ಸಬ್ಬತ್, ಶುಕ್ರವಾರ ಸಂಜೆಯೇ ಶುರು. ಅವತ್ತು ಅವರ ಮನೆಗಳಲ್ಲಿ ಸೂರ್ಯ ಮುಳುಗುವ ಮೊದಲೇ ಮೇಣದ ಬತ್ತಿ ಹಚ್ಚಿರುತ್ತಾರೆ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ರೊಟ್ಟಿ, ಒಂದು ಬಟ್ಟಲು ದ್ರಾಕ್ಷಾರಸ. ಸಾಮಾನ್ಯವಾಗಿ ಮನೆಯ ಹಿರಿಯರು ಬಟ್ಟಲು ಎತ್ತಿ ಹಿಡಿದು "ಸಂಜೆಯಾಯಿತು, ಬೆಳಗಾಯಿತು" ಅಂತ ಬಾಯೊಳಗೇ ಮೆಲ್ಲಗೆ ಹೇಳಿ, "ಆರನೇ ದಿನ" ಅಂತ ಎಲ್ಲರಿಗೂ ಕೇಳುವ ಹಾಗೆ ಶುರುಮಾಡುತ್ತಾರೆ. ಮುಂದೆ ಏಳನೇ ದಿನದ ಮಾತುಗಳು. ದೇವರು ಆ ದಿನ ಕೆಲಸ ನಿಲ್ಲಿಸಿದರು, ಅದನ್ನು ಹರಸಿದರು, ಪರಿಶುದ್ಧ ಮಾಡಿದರು. ಸಂಜೆಯಾಯಿತು, ಬೆಳಗಾಯಿತು, ಏಳನೇ ದಿನ ಅನ್ನುವ ಸಾಲು ಮಾತ್ರ ಅಲ್ಲಿಲ್ಲ. ಆರು ದಿನಗಳ ಬಾಗಿಲನ್ನೂ ಮುಚ್ಚಿದವರು ಅದೊಂದನ್ನು ತೆರೆದೇ ಬಿಟ್ಟಿದ್ದಾರೆ.

ನಮಸ್ಕಾರ.