ವಿಮಾನ ಹತ್ತುವ ಮುನ್ನ ಬರೆದಿಡಿ

ಕೇಳುಗರಿಗೆ ನಮಸ್ಕಾರ. ನೌಕರರನ್ನು ಕೆಲಸದ ಮೇಲೆ ಹೊರದೇಶಕ್ಕೆ ಕಳಿಸುವ ಕಂಪನಿಯವರೇ, ಸಿಬ್ಬಂದಿ ವಿಭಾಗದವರೇ, ನಾಳೆ ಹೊರಡಲು ಪೆಟ್ಟಿಗೆ ಜೋಡಿಸುತ್ತಿರುವವರೇ, ನಾನು ಹೇಳುವುದು ಒಂದೇ ಮಾತು. ಯಾವ ಖರ್ಚು ಯಾರದು ಎಂಬುದನ್ನು ವಿಮಾನ ಹತ್ತುವ ಮುನ್ನ ಬರೆದಿಡಿ.

"ಮೊದಲು ಹೋಗಿ ಬರಲಿ, ಆಮೇಲೆ ನೋಡಿಕೊಂಡರಾಯಿತು" ಅನ್ನುವವರೇ ಹೆಚ್ಚು. ಆ 'ಆಮೇಲೆ' ಎಷ್ಟು ದುಬಾರಿ ಎಂದು ಕಣ್ಣಾರೆ ಕಂಡಿದ್ದೇನೆ.

ನಾನು ಸಿಬ್ಬಂದಿ ವಿಭಾಗದಲ್ಲಿದ್ದಾಗ ಒಬ್ಬ ಎಂಜಿನಿಯರನ್ನು ಯಂತ್ರ ಕೂರಿಸಲು 4 ತಿಂಗಳಿಗೆಂದು ಕಳಿಸಿದೆವು. ಕೆಲಸ ಮುಗಿಯಲಿಲ್ಲ. "ಇನ್ನು ಸ್ವಲ್ಪ ದಿನ ಇರಿ" ಎಂದು ಒಂದು ಸಾಲಿನ ಇಮೇಲ್ ಹೋಯಿತು. ಆ ಸ್ವಲ್ಪ ದಿನ 3 ತಿಂಗಳಾಯಿತು. ದೇಶ ದೇಶಗಳ ನಡುವಿನ ಅನೇಕ ತೆರಿಗೆ ಒಪ್ಪಂದಗಳಲ್ಲಿ ಒಂದು ಗೆರೆ ಇದೆ: 12 ತಿಂಗಳಲ್ಲಿ 183 ದಿನ. ಅದನ್ನು ಮೀರದಿದ್ದರೆ, ಸಂಬಳದ ಹೊರೆ ಅಲ್ಲಿನ ಕಂಪನಿಯ ಮೇಲೆ ಬೀಳದಿದ್ದರೆ, ಆ ಸಂಬಳಕ್ಕೆ ಅಲ್ಲಿ ತೆರಿಗೆ ಇಲ್ಲ. ಅವರ ಮ್ಯಾನೇಜರ್ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಎಣಿಸಿದ್ದರು: ಕೆಲಸದ ದಿನ 150. "ಇನ್ನೂ 33 ದಿನ ಕೈಯಲ್ಲಿದೆ" ಅಂದರು. ಶನಿವಾರ, ಭಾನುವಾರಗಳನ್ನು ಬಿಟ್ಟುಬಿಟ್ಟಿದ್ದರು! ತೆರಿಗೆಯವರು ಎಣಿಸುವುದು ಆ ನೆಲದ ಮೇಲಿದ್ದ ದಿನಗಳನ್ನು. ವಾರದ ರಜೆ, ಹಬ್ಬದ ರಜೆ, ಇಳಿದ ದಿನ, ಹೊರಟ ದಿನ ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ. ಕೂಡಿ ನೋಡಿದರೆ 212. ಗೆರೆ ದಾಟಿದ ಮೇಲೆ ತೆರಿಗೆ ಬೀಳುವುದು 184ನೇ ದಿನದಿಂದಲ್ಲ, ಅಲ್ಲಿ ದುಡಿದ ಮೊದಲ ದಿನದ ಸಂಬಳದಿಂದ.

ನೋಟೀಸು ಬಂದದ್ದು ಎಂಜಿನಿಯರ್ ಹೆಸರಿಗೆ. ಅದನ್ನು ಹಿಡಿದು ನನ್ನ ಮೇಜಿನ ಮುಂದೆ ನಿಂತರು. "ಸರ್, ಇದನ್ನು ನಾನು ಕಟ್ಟಬೇಕಾ, ಕಂಪನಿ ಕಟ್ಟುತ್ತಾ?" ನಾನು ಫೈಲು ತೆಗೆದೆ. ಟಿಕೆಟ್ಟಿನ ಪ್ರತಿ ಇತ್ತು, ಹೋಟೆಲಿನ ರಸೀದಿಗಳಿದ್ದವು, ಅವರ ಪ್ರಶ್ನೆಗೆ ಉತ್ತರ ಇರಲಿಲ್ಲ. ತಿಂಗಳುಗಟ್ಟಲೆ ಮೀಟಿಂಗ್ ನಡೆಸಿ ಕೊನೆಗೆ ಕಂಪನಿಯೇ ಕಟ್ಟಿತು. ಅಷ್ಟರಲ್ಲಿ ಅವರು ಬೇರೆ ಕಡೆ ಸೇರಿಯಾಗಿತ್ತು. ಅಂಥ ಕೆಲಸಗಾರ ನಮಗೆ ಮತ್ತೆ ಸಿಗಲಿಲ್ಲ.

ಎರಡು ಸಾಲು ಬರೆದಿದ್ದರೆ ಸಾಕಿತ್ತು. ಸ್ವದೇಶದಲ್ಲೇ ಇದ್ದಿದ್ದರೆ ಎಷ್ಟು ತೆರಿಗೆ ಕಟ್ಟುತ್ತಿದ್ದರೋ ಅಷ್ಟು ಮಾತ್ರ ನೌಕರರ ಪಾಲು, ಹೆಚ್ಚಿಗೆ ಬಿದ್ದದ್ದು ಕಂಪನಿಯದು. ಇದಕ್ಕೆ ಟ್ಯಾಕ್ಸ್ ಈಕ್ವಲೈಸೇಶನ್ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಇಷ್ಟೇ. ಇನ್ನೊಂದು ಸಾಲು: ದಿನಗಳ ಲೆಕ್ಕವನ್ನು ತೆರಿಗೆ ಸಲಹೆಗಾರರಿಗೆ ತೋರಿಸದೆ ಯಾರೂ ಅವಧಿ ಬೆಳೆಸುವಂತಿಲ್ಲ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತೆಯ, ಅಂದರೆ ಪಿಂಚಣಿಯಂಥವಕ್ಕೆ ಕಟ್ಟುವ ವಂತಿಗೆಯ, ಒಪ್ಪಂದವಿದ್ದರೆ, ಸ್ವದೇಶದಲ್ಲಿ ವಂತಿಗೆ ಕಟ್ಟುತ್ತಿರುವ ಪ್ರಮಾಣಪತ್ರವನ್ನು ಹೊರಡುವ ಮೊದಲೇ ಮಾಡಿಸಿ. ಎರಡೂ ಕಡೆ ಕಟ್ಟುವುದು ತಪ್ಪುತ್ತದೆ. ಆರೋಗ್ಯ ವಿಮೆ ಕುಟುಂಬಕ್ಕೂ ಇರಲಿ, ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚೂ ಅದರಲ್ಲಿರಲಿ. ಮರಳಿ ಬಂದವರಿಗೆ ಯಾವ ಹುದ್ದೆ ಎಂಬುದನ್ನು ದಯವಿಟ್ಟು ಬಾಯಿಮಾತಿಗೆ ಬಿಡಬೇಡಿ.

ಕರಡು ತಯಾರಾದ ಮೇಲೆ ಹೊರಡುವವರ ಕೈಗೆ ಕೊಟ್ಟು ಮನೆಯವರಿಗೂ ಓದಿಸಲು ಹೇಳಿ. ಅವಧಿಗೆ ಮೊದಲೇ ವಾಪಸ್ ಕರೆಸಿದರೆ ಮಗುವಿನ ಶಾಲೆಯ ಶುಲ್ಕ ಯಾರದು, ಊರಲ್ಲಿ ಅಮ್ಮನಿಗೆ ಹುಷಾರು ತಪ್ಪಿದರೆ ಟಿಕೆಟ್ ಯಾರದು ಅಂತ ಅವರು ಕೇಳುತ್ತಾರೆ. ಆ ಪ್ರಶ್ನೆಗಳನ್ನು ಹಾಗೇ ಇಳಿಸಿಕೊಳ್ಳಿ, ಒಂದೊಂದಕ್ಕೂ ಉತ್ತರ ಬರೆದು ಸಹಿ ಹಾಕಿ. ಟಿಕೆಟ್ ಮಾಡಿಸುವುದು ಅದಾದ ಮೇಲೆ. ನಮಸ್ಕಾರ.