ಡಾಖಾವ್‌ಗೆ ಹೋಗುವ ವಿದ್ಯಾರ್ಥಿಗಳಿಗೆ

ವಿದ್ಯಾರ್ಥಿ ಮಿತ್ರರೇ,

ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ಹೊರಟಿರುವ ನಿಮ್ಮಲ್ಲಿ ಹಲವರು ಒಂದಲ್ಲ ಒಂದು ರಜೆಯಲ್ಲಿ ಮ್ಯೂನಿಕ್ ನೋಡಲು ಹೋಗುತ್ತೀರಿ. ಅಲ್ಲಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಸಿಗುವ ಊರು ಡಾಖಾವ್. ನಾಜಿಗಳ ಯಾತನಾ ಶಿಬಿರವಿದ್ದ ಆ ಜಾಗ ಈಗ ಸ್ಮಾರಕ. ನಾನೂ ವಿದ್ಯಾರ್ಥಿಯಾಗಿದ್ದಾಗಲೇ ಅಲ್ಲಿಗೆ ಹೋದವನು. ಅಲ್ಲಿ ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು ಎಂಬ ಬಗ್ಗೆ ನನಗೊಂದು ಖಚಿತವಾದ ಅಭಿಪ್ರಾಯವಿದೆ. ಇಂದು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಬಂದವರಲ್ಲಿ ಅನೇಕರು ಹೆಣ ಸುಡುತ್ತಿದ್ದ ಕುಲುಮೆಗಳ ಕಟ್ಟಡವನ್ನೇ ಹುಡುಕಿಕೊಂಡು ಹೋಗುತ್ತಾರೆ. ಅದು ಸಹಜ. ಆದರೆ ಡಾಖಾವ್ ಶುರುವಾದದ್ದು ಒಂದು ಪತ್ರಿಕಾ ಪ್ರಕಟಣೆಯಿಂದ. 1933ರ ಜನವರಿ 30ರಂದು ಹಿಟ್ಲರ್ ಚಾನ್ಸೆಲರ್ ಆದ. ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ, ಫೆಬ್ರವರಿ 28ರಂದು, ತುರ್ತು ಆಜ್ಞೆಯೊಂದು ನಾಗರಿಕರ ಹಕ್ಕುಗಳನ್ನು ಅಮಾನತಿನಲ್ಲಿಟ್ಟು, ಯಾರನ್ನು ಬೇಕಾದರೂ ನ್ಯಾಯಾಲಯದ ಮುಂದೆ ತಾರದೆ ಬಂಧನದಲ್ಲಿಡಲು ದಾರಿ ಮಾಡಿಕೊಟ್ಟಿತು. ಮಾರ್ಚ್ 20ರಂದು ಮ್ಯೂನಿಕ್ ಪೊಲೀಸ್ ಮುಖ್ಯಸ್ಥನಾಗಿದ್ದ ಹಿಮ್ಲರ್, ಐದು ಸಾವಿರ ಜನರನ್ನು ಹಿಡಿಸುವ ಶಿಬಿರ ತೆರೆಯುತ್ತಿರುವುದಾಗಿ ಪತ್ರಕರ್ತರಿಗೆ ತಿಳಿಸಿದ. ಮರುದಿನ ಅದು ಅಚ್ಚಾಯಿತು. ಅದರ ಮರುದಿನ ಹಳೆಯ ಮದ್ದುಗುಂಡಿನ ಕಾರ್ಖಾನೆಯೊಂದರ ಆವರಣಕ್ಕೆ ಮೊದಲ ಕೈದಿಗಳನ್ನು ತಂದರು. ಅವರು ಕಮ್ಯುನಿಸ್ಟರು, ಸೋಶಿಯಲ್ ಡೆಮೊಕ್ರಾಟರು, ಅಂದರೆ ಅದೇ ದೇಶದ ಪ್ರಜೆಗಳು. ಇಷ್ಟೆಲ್ಲ ನಡೆದದ್ದು ಹಾಡಹಗಲೇ, ಎಲ್ಲರಿಗೂ ಗೊತ್ತಿದ್ದೇ. ವಸ್ತುಸಂಗ್ರಹಾಲಯದ ಮೊದಲ ಕೋಣೆಗಳು ಈ ವಾರಗಳ ಕಥೆಯನ್ನು ಹೇಳುತ್ತವೆ, ಜನ ಬೇಗ ದಾಟಿಹೋಗುವುದೂ ಅವನ್ನೇ.

ಆಮೇಲಿನ ಹನ್ನೆರಡು ವರ್ಷಗಳಲ್ಲಿ ಡಾಖಾವ್ ಮತ್ತು ಅದರ ಉಪಶಿಬಿರಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸೆರೆಯಲ್ಲಿದ್ದರು. ಕನಿಷ್ಠ 41,500 ಮಂದಿ ಸತ್ತರು. ಇಲ್ಲಿ ರೂಪುಗೊಂಡ ಶಿಕ್ಷಾ ನಿಯಮಗಳೇ ಮುಂದೆ ಉಳಿದ ಶಿಬಿರಗಳಿಗೂ ಮಾದರಿಯಾದವು.

ಮರುನಿರ್ಮಿಸಿದ ಬ್ಯಾರಕ್ಕಿನಲ್ಲಿ ಮರದ ಮಂಚಗಳನ್ನು ಗಮನವಿಟ್ಟು ನೋಡಿ. ಮೊದಲ ವರ್ಷಗಳ ಮಾದರಿಯಲ್ಲಿ ಒಬ್ಬೊಬ್ಬನ ಜಾಗವನ್ನು ಬೇರ್ಪಡಿಸುವ ಹಲಗೆಗಳಿವೆ. 1944ರ ಹೊತ್ತಿಗೆ ಆ ಹಲಗೆಗಳು ಮಾಯವಾಗಿ, ಉದ್ದಕ್ಕೂ ಒಂದೇ ಅಟ್ಟಣೆಯಾಗಿದೆ, ಎಷ್ಟು ಮೈಗಳನ್ನು ತುರುಕಬಹುದೋ ಅಷ್ಟು. ಸುಮಾರು ಆರು ಸಾವಿರ ಜನರಿಗೆಂದು ಮತ್ತೆ ಕಟ್ಟಿದ ಶಿಬಿರದಲ್ಲಿ, 1945ರ ಏಪ್ರಿಲ್ 29ರಂದು ಅಮೆರಿಕನ್ ಸೈನಿಕರು ಒಳಬಂದಾಗ, ಮೂವತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಮನುಷ್ಯನೊಬ್ಬನ ಪಾಲಿನ ಜಾಗ ವರ್ಷದಿಂದ ವರ್ಷಕ್ಕೆ ಹೇಗೆ ಕಿರಿದಾಯಿತೆಂಬುದನ್ನು ನಾನು ಅಲ್ಲಿ, ಆ ಮರದಲ್ಲಿ, ಕಣ್ಣಾರೆ ಕಂಡೆ.

ಕುಲುಮೆಗಳ ಕಟ್ಟಡಕ್ಕೂ ಹೋಗಲೇಬೇಕು. ಅಲ್ಲಿ ನಾಲ್ವರು ಮಹಿಳೆಯರ ನೆನಪಿನ ಫಲಕವೊಂದಿದೆ. ಅವರಲ್ಲೊಬ್ಬರು ನೂರ್ ಇನಾಯತ್ ಖಾನ್. ಸೂಫಿ ಸಂಗೀತಗಾರ ಇನಾಯತ್ ಖಾನರ ಮಗಳು, ತಂದೆಯ ಕಡೆಯಿಂದ ನಮ್ಮ ಮೈಸೂರಿನ ಟಿಪ್ಪು ಸುಲ್ತಾನನ ವಂಶಸ್ಥೆ. 1943ರಲ್ಲಿ ಬ್ರಿಟನ್ನಿನ ಗುಪ್ತ ದಳದ ಪರವಾಗಿ ನಾಜಿಗಳ ವಶದಲ್ಲಿದ್ದ ಪ್ಯಾರಿಸ್ಸಿನಿಂದ ವೈರ್‌ಲೆಸ್ ಸಂದೇಶ ಕಳಿಸುತ್ತಿದ್ದ ಅವರು ಸಿಕ್ಕಿಬಿದ್ದು, ತಿಂಗಳುಗಟ್ಟಲೆ ಸರಪಳಿಯಲ್ಲಿದ್ದು, 1944ರ ಸೆಪ್ಟೆಂಬರ್ 13ರಂದು ಉಳಿದ ಮೂವರೊಂದಿಗೆ ಇಲ್ಲಿ ಗುಂಡಿಗೆ ಬಲಿಯಾದರು. ಆಗ ಅವರಿಗೆ ಮೂವತ್ತು ವರ್ಷ. ಕರ್ನಾಟಕದಿಂದ ಹೋದವರು ಆ ಫಲಕವನ್ನು ಹುಡುಕಿ ಓದಬೇಕೆಂಬುದು ನನ್ನ ಆಗ್ರಹದ ಕೋರಿಕೆ.

ಈ ಸ್ಮಾರಕ ತಾನಾಗಿ ಉಳಿದದ್ದಲ್ಲ. ಯುದ್ಧದ ನಂತರ ಬ್ಯಾರಕ್ಕುಗಳಲ್ಲಿ ನಿರಾಶ್ರಿತರು ಸಂಸಾರ ಹೂಡಿದ್ದರು. ಬದುಕುಳಿದ ಕೈದಿಗಳು ಪಟ್ಟುಹಿಡಿದು ಕೇಳಿದ್ದರಿಂದ 1965ರಲ್ಲಿ ಅದು ತೆರೆಯಿತು. ಪ್ರವೇಶ ಶುಲ್ಕವಿಲ್ಲ. ಅದೇ ದಿನ ಅರಮನೆ, ಮಾರುಕಟ್ಟೆ ಎಂದು ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. 1933ರ ಇತಿಹಾಸವನ್ನು ಮೊದಲೇ ಓದಿಕೊಂಡು, ಬೆಳಗಿನ ಹೊತ್ತನ್ನೆಲ್ಲ ಆ ಮೊದಲ ಕೋಣೆಗಳಿಗೆ ಕೊಡಿ. ಕುಲುಮೆಗಳ ಕಡೆಗೆ ಮಧ್ಯಾಹ್ನ ಹೋದರಾಯಿತು.