ಒಳಗೆ ಏನೂ ಇಲ್ಲದ ಸೈಕಲ್

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸೈರನ್ ಕೂಗಿದರೆ ಸಾಕು, ಗೇಟಿನಿಂದ ಸೈಕಲ್ಲುಗಳು ಹೊಳೆಯ ಹಾಗೆ ಹೊರಡುತ್ತಿದ್ದವು. ಎಲ್ಲವೂ ಕಪ್ಪು, ಎಲ್ಲವೂ ಗಟ್ಟಿ, ಒಂದೊಂದೂ 20 ಕಿಲೋ ಆಸುಪಾಸು. ನಾನು ಒಳಪೆಡಲ್ ಕಲಿತದ್ದು ಅಂಥದ್ದೇ ಒಂದರಲ್ಲಿ. ಮೊಣಕಾಲಿನ ಗುರುತು ಇನ್ನೂ ಇದೆ. ಸೈಕಲ್ ಅಂದರೆ ಭಾರ ಇರಲೇಬೇಕು ಎಂದೇ ನಾನು ನಂಬಿದ್ದೆ.

ಆ ನಂಬಿಕೆ ಹೋಗಿದ್ದು ಒಂದು ಅಟ್ಟದ ಮೇಲೆ. ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ಡಾಕ್ಟರೊಬ್ಬರ ಹಳೇ ಮನೆ ಖಾಲಿ ಮಾಡುತ್ತಿದ್ದರು. ಸಾಮಾನು ಇಳಿಸಲು ನಾನೂ ಕೈ ಹಾಕಿದೆ. ಮೂಲೆಯಲ್ಲಿ ಒಂದು ಸೈಕಲ್ಲಿತ್ತು. ಭಾರ ಇರುತ್ತದೆ ಎಂದುಕೊಂಡು ಜೋರಾಗಿ ಎತ್ತಿದೆ ನೋಡಿ, ಅದು ಹಗುರಾಗಿ ಮೇಲೆ ಬಂದು ನನ್ನ ಗಲ್ಲಕ್ಕೇ ಬಡಿಯಿತು. ಗುಜರಿಗೆ ಹಾಕುವುದಿತ್ತು. ಬೇಡಿ ತಂದೆ.

ಸೀದಾ ನಮ್ಮ ಬೀದಿಯ ಸೈಕಲ್ ಶಾಪಿಗೆ ಒಯ್ದೆ. ಅಲ್ಲಿನ ಅಜ್ಜ ಐವತ್ತು ವರ್ಷದಿಂದ ಪಂಕ್ಚರ್ ಹಾಕುತ್ತಿರುವವನು. ಎರಡೇ ಬೆರಳಲ್ಲಿ ಎತ್ತಿದ. ಪೈಪಿನ ನಡುವೆ ಉಗುರಿನಿಂದ ಬಡಿದ. ಆಮೇಲೆ ತುದಿಗೆ ಬಡಿದ. ಎರಡು ಕಡೆಯೂ ಸದ್ದು ಬೇರೆ.

"ಏನ್ರೀ ಮೇಷ್ಟ್ರೆ, ಇದ್ರೊಳಗೆ ಏನೂ ಇಲ್ಲೇ ಇಲ್ಲಲ್ರೀ!" ಅಂದ.

ಅಜ್ಜನ ಮಾತಿನಲ್ಲೇ ಇಡೀ ವಿದ್ಯೆ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರೆನಾಲ್ಡ್ಸ್ ಅಂತ ಒಂದು ಮನೆತನ. ಮೊದಲು ಮೊಳೆ ಮಾಡುತ್ತಿದ್ದರು. 1897ರಲ್ಲಿ ಅವರು ಒಂದು ಹೊಸ ಬಗೆಯ ಪೈಪಿಗೆ ಪೇಟೆಂಟ್ ಪಡೆದರು. ಹೊರಗಿನಿಂದ ನೋಡಿದರೆ ಉದ್ದಕ್ಕೂ ಒಂದೇ ಗಾತ್ರ. ಒಳಗೆ ಮಾತ್ರ ತುದಿಯಲ್ಲಿ ದಪ್ಪ, ನಡುವೆ ತೆಳು. ಬೆಸುಗೆಯ ಬಿಸಿ ತಾಗುವುದು, ಜಗ್ಗಾಟ ಜಾಸ್ತಿ ಆಗುವುದು ತುದಿಗೇ ಅಲ್ವಾ? ನಡುವೆ ಸುಮ್ನೆ ಯಾಕೆ ಭಾರ? 1935ರಲ್ಲಿ ಅವರೇ ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಬೆರೆಸಿದ ಉಕ್ಕಿನ ಪೈಪು ತಂದರು. ಅದರ ಹೆಸರು 531. ತುದಿಯಲ್ಲಿ ಸುಮಾರು 0.8 ಮಿಲಿಮೀಟರ್ ದಪ್ಪ, ನಡುವೆ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ, ಅಷ್ಟೇ.

ಇಷ್ಟು ಹಗುರ ಯಾರಿಗೆ ಬೇಕಿತ್ತು? ರೇಸಿನವರಿಗೆ. ಅಲ್ಲಿನ ರೇಸಿನ ಕಥೆಯೂ ಮಜವಾಗಿದೆ. 1890ರ ದಶಕದಲ್ಲಿ, ರಸ್ತೆಯಲ್ಲಿ ಗುಂಪಾಗಿ ರೇಸ್ ಹೋದರೆ ಪೊಲೀಸರ ಕಾಟ ಎಂದು ಸೈಕಲ್ ಸವಾರರ ಸಂಘವೇ ಅದನ್ನು ಬೇಡ ಅಂದಿತು. ಆಗ ಸವಾರರು ಕಳ್ಳದಾರಿ ಹಿಡಿದರು. ನಸುಕಿನಲ್ಲಿ, ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ತೊಟ್ಟು, ನಿಮಿಷಕ್ಕೊಬ್ಬರಂತೆ ಹೊರಡುವುದು. ಪೈಪೋಟಿ ಗಡಿಯಾರದ ಜೊತೆ. ಯಾವ ರಸ್ತೆ ಎಂಬುದಕ್ಕೂ ಗುಟ್ಟಿನ ಸಂಕೇತ. ನೋಡಿದವರಿಗೆ ಯಾರೋ ಕೆಲಸಕ್ಕೆ ಹೊರಟಿದ್ದಾರೆ ಅನ್ನಿಸಬೇಕು!

ಇಂಥವರಿಗಾಗಿ ಊರೂರಲ್ಲಿ ಚಿಕ್ಕ ಅಂಗಡಿಗಳು ಹುಟ್ಟಿದವು. ಸವಾರನ ಕಾಲಿನ ಅಳತೆ ತೆಗೆದು, ನಮ್ಮ ದರ್ಜಿ ಅಂಗಿ ಹೊಲಿದ ಹಾಗೆ, ಫ್ರೇಮ್ ಮಾಡಿಕೊಡುತ್ತಿದ್ದರು. ದೂರದಿಂದಲೇ ಗುರುತು ಸಿಗಲಿ ಎಂದು ಒಬ್ಬೊಬ್ಬರದೂ ಒಂದೊಂದು ವೇಷ. ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿದ್ದ ಹೆಚಿನ್ಸ್ ಅಂಗಡಿಯವರು 1930ರ ದಶಕದಲ್ಲಿ ಹಿಂದಿನ ಚಕ್ರವನ್ನು ಹಿಡಿದಿರುವ ಫ್ರೇಮಿನ ಪೈಪುಗಳನ್ನು ಹಾವಿನಂತೆ ಬಳುಕಿಸಿದರು. ಬಳುಕಿದರೆ ಸವಾರಿ ಮೆತ್ತಗಾಗುತ್ತದೆ ಎಂದರು. ನನಗೇನೋ ಅದು ಮುಖ್ಯವಾಗಿ ಅಲಂಕಾರ ಅನ್ನಿಸುತ್ತದೆ. ಆದರೂ ಕಣ್ಣು ಅಲ್ಲೇ ನಿಲ್ಲುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ಅಂಗಡಿಯ ಮಾಲೀಕರು ಹೈಮನ್ ಹೆಚಿನ್. ಗ್ರಾಮಫೋನ್ ಕೂಡ ಮಾರುತ್ತಿದ್ದವರು. ಬೆಂಕಿಯ ಮುಂದೆ ನಿಂತು ಫ್ರೇಮ್ ಕಟ್ಟಿದವರು ಜ್ಯಾಕ್ ಡೆನಿ. ಪೈಪಿನ ಮೇಲೆ ಬರೆದದ್ದು ಮಾಲೀಕರ ಹೆಸರು. ಡೆನಿಯವರ ಹೆಸರಾದರೂ ಉಳಿಯಿತು. ಬೇರೆ ಎಷ್ಟೋ ಅಂಗಡಿಗಳಲ್ಲಿ ಕಟ್ಟಿದವರು ಯಾರೆಂದು ಎಲ್ಲೂ ಬರೆದಿಲ್ಲ. ಅದಕ್ಕೇ ಹಳೇ ಸೈಕಲ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಹೆಸರು ಆಮೇಲೆ ಓದಿ, ಮೊದಲು ಜಾಯಿಂಟ್ ನೋಡಿ. ಎರಡು ಪೈಪು ಕೂಡುವ ಕಡೆ ಒಂದು ಕವಚ ಇರುತ್ತದೆ, ಲಗ್ ಅಂತಾರೆ. ಅದರೊಳಗೆ ಹಿತ್ತಾಳೆಯನ್ನು ಕರಗಿಸಿ ಹರಿಸುತ್ತಾರೆ. ಬಿಸಿ ಜಾಸ್ತಿ ಆದರೆ ತೆಳು ಪೈಪು ಹಾಳು, ಕಡಿಮೆ ಆದರೆ ಹಿತ್ತಾಳೆ ಒಳಗೆ ಇಳಿಯುವುದಿಲ್ಲ. ಆಮೇಲೆ ಲಗ್‌ನ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ಸಣ್ಣ ಮಾಡುತ್ತಾರೆ. ಒಳ್ಳೇ ಕೈ ಆಗಿದ್ದರೆ ಬೆರಳು ಆಡಿಸಿದಾಗ ಅಂಚು ತಡೆಯುವುದೇ ಇಲ್ಲ.

ಇನ್ನೊಂದು ಮಾತು, ನನ್ನ ತಪ್ಪಿನಿಂದ ಕಲಿತದ್ದು. ಸೈಕಲ್ ತಂದ ಮರುದಿನವೇ ಉತ್ಸಾಹದಲ್ಲಿ ಎಮರಿ ಪೇಪರ್ ಹಿಡಿದು ಕೂತೆ. ತುಕ್ಕಿನ ಜೊತೆ ಬಣ್ಣವೂ ಹೋಯಿತು, ಅಂಗಡಿಯ ಹೆಸರೂ ಹೋಯಿತು, ಸೀಟಿನ ಕೆಳಗೆ ಚೀಟಿಯಂತೆ ಅಂಟಿದ್ದ ಯಾವುದೋ ಗುರುತೂ ಹೋಯಿತು. 531 ಪೈಪಿನ ಚೀಟಿ ಅಂಟಿಸುವುದು ಅಲ್ಲೇ ಎಂದು ಆಮೇಲೆ ಓದಿ ತಿಳಿಯಿತು. ದಯವಿಟ್ಟು ಹಾಗೆ ಮಾಡಬೇಡಿ. ಮೆತ್ತನೆ ಬಟ್ಟೆ, ಒಂಚೂರು ಎಣ್ಣೆ, ಅಷ್ಟು ಸಾಕು.

ಇನ್ನು ಅದು ಯಾವ ಪೈಪು ಎಂದು ತಿಳಿಯುವುದು ಹೇಗೆ? ಹರಿಹರದಲ್ಲಿ ಲೇತ್ ಮೇಲೆ ದುಡಿದು ರಿಟೈರ್ ಆದ ನಮ್ಮ ಭಾವ ವರ್ನಿಯರ್ ತಂದರು. ಸೀಟಿನ ಕಂಬ ಕಳಚಿ ಅಳೆದರು. "27.2 ಮಿಲಿಮೀಟರ್ ಐತಿ ನೋಡ್ರಿ," ಅಂದರು. ನಾನು ಕುಣಿಯುವುದೊಂದು ಬಾಕಿ. ಫ್ರೇಮಿನ ಪೈಪು ಹೊರಗಿನಿಂದ ಇದೇ ಗಾತ್ರದ್ದಾಗಿದ್ದು, ಗೋಡೆ ಸಾಮಾನ್ಯ ದಪ್ಪದ್ದಾಗಿದ್ದರೆ ಅದರೊಳಗೆ ಇಷ್ಟು ದಪ್ಪ ಕಂಬ ಇಳಿಯುವುದಿಲ್ಲ. ಆ ಕಾಲದ ಇಂಗ್ಲಿಷ್ ಫ್ರೇಮಿನಲ್ಲಿ 27.2 ಬಂದರೆ ತೆಳು ಗೋಡೆಯ 531 ಎಂಬುದಕ್ಕೆ ಒಳ್ಳೇ ಸುಳಿವು. ಹಿಂದಿನ ಚಕ್ರದಲ್ಲಿ ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಬ್ ಇತ್ತು. ಅದರ ಮೇಲೆ ತಯಾರಾದ ವರ್ಷವನ್ನೇ ಒತ್ತಿರುತ್ತಾರೆ. ಒರೆಸಿದರೆ 53 ಎಂದು ಕಂಡಿತು, ಅಂದರೆ 1953.

ಟೈರಿನದೇ ತಲೆನೋವು. ಇದರ ರಿಮ್ಮು 27 ಇಂಚಿನದು. ನಮ್ಮ ಸೈಕಲ್ಲಿನದು 28. ಹೆಸರಿನಲ್ಲಿ ಒಂದಿಂಚು, ಟೈರು ಕೂರುವ ಜಾಗದ ಅಡ್ಡಳತೆಯಲ್ಲಿ ಬರೀ 5 ಮಿಲಿಮೀಟರ್ ವ್ಯತ್ಯಾಸ. ಅಡ್ಜಸ್ಟ್ ಮಾಡೋಣ ಅಂತ ಹಾಕಿ ಗಾಳಿ ತುಂಬಿದೆವು. ಟೈರು ರಿಮ್ಮಿನಿಂದ ಜಾರಿ, ಟ್ಯೂಬು ಢಂ ಅಂದಿತು. ಎದುರಿನ ಮಂಡಕ್ಕಿ ಅಂಗಡಿಯವನು ಎದ್ದು ನಿಂತ. ಕೊನೆಗೆ ಸರಿಯಾದ ಅಳತೆಯ ಟೈರನ್ನು ಹೊರಗಿನಿಂದ ತರಿಸಿದೆ.

ಮೊನ್ನೆ ಎಲ್ಲ ಜೋಡಿಸಿ ಮುಗಿಯಿತು. ಅಜ್ಜ ಕನ್ನಡಕ ಏರಿಸಿ ಮತ್ತೊಮ್ಮೆ ಲಗ್‌ಗಳ ಮೇಲೆ ಬೆರಳು ಆಡಿಸಿದ. ಹ್ಯಾಂಡಲ್ ಕಡೆಯ ಎರಡೂ ನುಣುಪು. ಸೀಟಿನದೂ ನುಣುಪು. ಪೆಡಲ್ ಹತ್ತಿರ, ಕೆಳಗೆ ಕಣ್ಣಿಗೆ ಬೀಳದ ಕಡೆ, ಅವನ ಉಗುರು ತಡೆಯಿತು. ಬಗ್ಗಿ ನೋಡಿದರೆ ಅರದ ಮೂರು ಗೆರೆ ಹಾಗೇ ಉಳಿದಿವೆ. ಉಜ್ಜುವುದನ್ನು ಯಾರೋ ನಡುವೆ ಬಿಟ್ಟಿದ್ದಾರೆ.

ಅಜ್ಜ ನಕ್ಕ. "ಶನಿವಾರ ಸಂಜಿ ಕೆಲಸ ಇರ್ಬೇಕ್ರೀ ಮೇಷ್ಟ್ರೆ ಇದು," ಅಂದ.

ನಮಸ್ಕಾರ.